ನಾಯಕತ್ವಕ್ಕೆ ಪ್ರಮಾಣಪತ್ರ ಸಾಕೇ?



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಊರಿಗೆ ಬಂದವನು ನಮ್ಮ ಮನೆಗೂ ಬಂದಿದ್ದ. ಬೆಂಗಳೂರಿನಲ್ಲಿ ಆತ ಈಗ ನಲವತ್ತು ಮಂದಿಗೆ ಮೇಲಧಿಕಾರಿ. ರೆಸಾರ್ಟೊಂದರಲ್ಲಿ ನಡೆದ ಎರಡು ದಿನಗಳ ನಾಯಕತ್ವ ಶಿಬಿರದ ಪ್ರಮಾಣಪತ್ರವನ್ನು ಮೊಬೈಲಿನಲ್ಲಿ ತೋರಿಸಿ, "ಸರ್, ನಾನೀಗ ಅಧಿಕೃತ ನಾಯಕ" ಎಂದು ನಕ್ಕ. ನಾನೂ ನಕ್ಕೆ. ಅಲ್ಲಿ ಏನು ಕಲಿಸಿದರೆಂದು ಕೇಳಿದೆ. ಕೈ ಕುಲುಕುವ ಬಗೆ, ನಿಲ್ಲುವ ಭಂಗಿ, ಆತ್ಮವಿಶ್ವಾಸದ ಧ್ವನಿ ಎಂದು ಪಟ್ಟಿ ಹೇಳಿದ. ಅವನ ಕೈಕೆಳಗಿನ ನಲವತ್ತು ಮಂದಿ ಆ ಪಟ್ಟಿಯಲ್ಲಿ ಎಲ್ಲಿಯೂ ಇರಲಿಲ್ಲ.

ನನ್ನ ತಕರಾರು ಇಷ್ಟೇ. ನಾಯಕನಿಗೆ ಬೇಕಾದ ಗುಣಗಳು ವೇದಿಕೆಯ ಮೇಲೆ ನಿಂತು ಮಾತನಾಡುವುದರಿಂದ ಬರುವುದಿಲ್ಲ. ತನಗಿಂತ ಕಿರಿಯರಾದವರ ಮಾತನ್ನು ಕೇಳಿ, ತನ್ನನ್ನು ತಿದ್ದಿಕೊಳ್ಳುವ ನಿತ್ಯಾಭ್ಯಾಸದಿಂದ ಬರುತ್ತವೆ. ಇದನ್ನು ಎರಡು ದಿನದಲ್ಲಿ ಕಲಿಸುತ್ತೇವೆ ಎನ್ನುವುದು ವ್ಯಾಪಾರವೇ ಹೊರತು ಶಿಕ್ಷಣವಲ್ಲ.

ಶಿಬಿರದ ಕೊನೆಗೆ "ನಿಮಗೆ ಇಷ್ಟವಾಯಿತೇ?" ಎಂಬ ನಮೂನೆ ತುಂಬಿಸಿಕೊಳ್ಳುತ್ತಾರಂತೆ. ಅಮೆರಿಕದ ಡೊನಾಲ್ಡ್ ಕಿರ್ಕ್‌ಪ್ಯಾಟ್ರಿಕ್ ಎಂಬವರು 1959ರಷ್ಟು ಹಿಂದೆಯೇ ತರಬೇತಿಯನ್ನು ಅಳೆಯಲು ನಾಲ್ಕು ಮೆಟ್ಟಿಲುಗಳನ್ನು ಸೂಚಿಸಿದ್ದರು. ಬಂದವರಿಗೆ ಹಿಡಿಸಿತೇ, ಅವರು ಏನನ್ನಾದರೂ ಕಲಿತರೇ, ಕೆಲಸದ ಸ್ಥಳದಲ್ಲಿ ನಡತೆ ಬದಲಾಯಿತೇ, ಅದರಿಂದ ಸಂಸ್ಥೆಗೆ ಫಲ ಬಂತೇ ಎಂಬವೇ ಆ ನಾಲ್ಕು. ನನ್ನ ವಿದ್ಯಾರ್ಥಿಯ ಶಿಬಿರ ಮೊದಲ ಮೆಟ್ಟಿಲಲ್ಲೇ ಊಟ ಮುಗಿಸಿ ಎದ್ದಿತ್ತು. ಮೂರನೆಯ ಮೆಟ್ಟಿಲನ್ನು ಹತ್ತಿದ್ದಾನೋ ಇಲ್ಲವೋ ಎಂದು ಹೇಳಬೇಕಾದವರು ಆ ನಲವತ್ತು ಮಂದಿ. ಅವರನ್ನು ಯಾರೂ ಕೇಳಲಿಲ್ಲ.

ಈ ವಿದ್ಯೆಗಾಗಿ ನಾವು ರೆಸಾರ್ಟಿಗೆ ಹೋಗಬೇಕಾಗಿಲ್ಲ. ನಮ್ಮ ಬಡಗುತಿಟ್ಟಿನಲ್ಲಿ ಮೇಳದ ಪ್ರಧಾನ ಪುರುಷವೇಷಧಾರಿಯನ್ನು 'ಎರಡನೇ ವೇಷ' ಎನ್ನುತ್ತಾರೆ. ಹಾಗಾದರೆ ಒಂದನೆಯದು ಯಾರದು? ಮುಖಕ್ಕೆ ಬಣ್ಣ ಹಚ್ಚದೆ, ಕಿರೀಟ ತೊಡದೆ, ಹಿಂದೆ ಕುಳಿತು ಹಾಡುವ ಭಾಗವತರದು. ಮಂದಾರ್ತಿ, ಮಾರಣಕಟ್ಟೆಯ ಆಟಗಳನ್ನು ಬೆಳಗಿನವರೆಗೆ ಕುಳಿತು ನೋಡಿದವರು ನೆನಪಿಸಿಕೊಳ್ಳಿ. ವೇಷಧಾರಿ ಅರ್ಥ ಹೇಳುವಷ್ಟು ಹೊತ್ತೂ ಭಾಗವತರು ಕಿವಿಯಾಗಿರುತ್ತಾರೆ. ಎಳೆಯ ಹುಡುಗ ಮಾತು ತಡವರಿಸಿದರೆ ಒಂದು ಪ್ರಶ್ನೆಯ ನೆಪದಲ್ಲಿ ಎಳೆ ಹಿಡಿದುಕೊಡುತ್ತಾರೆ. ಚೆನ್ನಾಗಿ ಕುಣಿದರೆ ಇನ್ನೊಂದು ಆವರ್ತ ಹಾಡಿ ಅವನಿಗೆ ಚಪ್ಪಾಳೆ ಗಿಟ್ಟಿಸಿಕೊಡುತ್ತಾರೆ. ಕೋಡಂಗಿ, ಬಾಲಗೋಪಾಲರಿಂದ ಮೊದಲ್ಗೊಂಡು ಎರಡನೇ ವೇಷದವರೆಗೆ ಎಲ್ಲರ ಲಯವೂ ಅವರ ಕೈಯ ತಾಳದಲ್ಲಿದೆ.

ಹೊಸತನಕ್ಕೆ ಹೆಸರಾದ ಗುಂಡ್ಮಿ ಕಾಳಿಂಗ ನಾವಡರು ಸಹ ನಾರ್ಣಪ್ಪ ಉಪ್ಪೂರರಂಥ ಗುರುವಿನೆದುರು ಕುಳಿತು ಕಲಿತವರು. 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತೆರಡರ ಆಸುಪಾಸು. ಮೇಳಗಳಲ್ಲಿ ದರ್ಪದ ಭಾಗವತರು ಇರಲೇ ಇಲ್ಲ ಎನ್ನುವಷ್ಟು ಮುಗ್ಧ ನಾನಲ್ಲ. ಆದರೆ ಕೇಳುವ ಕಿವಿಯಿಲ್ಲದ ಭಾಗವತನ ಆಟ ಮಧ್ಯರಾತ್ರಿಗೆ ಮೊದಲೇ ಸೋಲುತ್ತದೆ. ಕಚೇರಿಯ ಆಟ ಸೋತದ್ದು ವರ್ಷಗಟ್ಟಲೆ ಯಾರಿಗೂ ತಿಳಿಯುವುದಿಲ್ಲ. ಇರುವ ವ್ಯತ್ಯಾಸ ಅಷ್ಟೇ.

ಬ್ಯಾಂಕಿನಲ್ಲಿರುವ ನಮ್ಮ ಬಂಧುಗಳಿಗಾಗಿ ಇನ್ನೊಂದು ಮಾತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರು ಪಡೆದು, 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ವಿಲೀನವಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಾದರೂ ಸರಿ, ಬ್ಯಾಂಕಿನವರೇ ಮನೆಬಾಗಿಲಿಗೆ ಬಂದು ಒಯ್ಯುತ್ತಿದ್ದರು. ಸ್ಥಾಪಕರಲ್ಲೊಬ್ಬರಾದ ಟಿ.ಎಂ.ಎ. ಪೈಯವರು ವೃತ್ತಿಯಿಂದ ವೈದ್ಯರು. ರೋಗಿ ಹೇಳುವುದನ್ನು ಪೂರ್ತಿ ಕೇಳಿದ ಮೇಲೆಯೇ ಔಷಧಿ ಬರೆಯುವುದು ವೈದ್ಯನ ಮೊದಲ ಪಾಠ. ಆ ಪಾಠ ಬ್ಯಾಂಕಿಗೂ ಒದಗಿತು ಎಂದೇ ನಾನು ತಿಳಿದಿದ್ದೇನೆ.

ಶಿಬಿರಗಳನ್ನು ಮಾತ್ರ ಬೈದರೆ ಅನ್ಯಾಯವಾದೀತು. ನಮ್ಮ ತಲೆಮಾರಿನ ರೋಗ ಬೇರೆ. ಹೆದರಿಕೆಯೇ ಶಿಸ್ತು, ದೊಡ್ಡ ದನಿಯೇ ನಾಯಕತ್ವ ಎಂದು ನಂಬಿದವರು ನಾವು. ನಾನೇ ಅದಕ್ಕೆ ಸಾಕ್ಷಿ.

1998ರ ಮಳೆಗಾಲ. ಬೈಂದೂರು ಕಡೆಯ ಒಂದು ಶಾಲೆಯಲ್ಲಿ ನಾನು ಪ್ರಭಾರ ಮುಖ್ಯೋಪಾಧ್ಯಾಯ. ಪ್ರಾರ್ಥನೆ ಮುಗಿಯುವ ಹೊತ್ತಿಗೆ ಹೊಸ ಶಿಕ್ಷಕಿಯೊಬ್ಬರು ಗೇಟು ದಾಟಿ ಬಂದರು. ಇಡೀ ಶಾಲೆಯ ಮುಂದೆ, "ಮಕ್ಕಳಿಗೆ ಸಮಯಪಾಲನೆ ಹೇಳಿಕೊಡುವವರು ಇವರೇ ನೋಡಿ" ಎಂದುಬಿಟ್ಟೆ. ಮಕ್ಕಳು ನಕ್ಕರು. ಆಕೆ ತಲೆ ತಗ್ಗಿಸಿ ತರಗತಿಗೆ ನಡೆದರು. ಸಂಜೆ ನಮ್ಮ ಜವಾನ ಬೀಗದ ಕೈ ಕೊಡುತ್ತಾ ಮೆಲ್ಲನೆ ಹೇಳಿದ: "ಮಾಷ್ಟ್ರೇ, ಅವ್ರ್ ದೋಣಿಯಗೆ ದಾಟಿ ಬಂದದ್ದ್." ಸೌಪರ್ಣಿಕೆಯ ನೆರೆ ಅವರ ಮನೆಯಂಗಳಕ್ಕೆ ಬಂದಿತ್ತು. ಬಾರದೆ ಉಳಿದಿದ್ದರೆ ಯಾರೂ ಕೇಳುವಂತಿರಲಿಲ್ಲ; ಆದರೂ ಬಂದಿದ್ದರು.

ಮರುದಿನ ಅವರನ್ನು ಕೋಣೆಗೆ ಕರೆದು ಕ್ಷಮೆ ಕೇಳಿದೆ. "ಪರವಾಗಿಲ್ಲ ಸರ್" ಎಂದರು. ಆದರೆ ಅಪಮಾನ ಮಾಡಿದ್ದು ಸಭೆಯಲ್ಲಿ, ಕ್ಷಮೆ ಕೇಳಿದ್ದು ಕೋಣೆಯಲ್ಲಿ. ಆ ಮಕ್ಕಳ ಮುಂದೆ ನಿಂತು "ತಪ್ಪು ನನ್ನದು" ಎನ್ನಲು ನನಗೆ ಧೈರ್ಯ ಬರಲಿಲ್ಲ. ಮುಂದಿನ ವರ್ಷ ಅವರಿಗೆ ವರ್ಗವಾಯಿತು. ಆ ದಿನ ನಕ್ಕ ಮಕ್ಕಳಲ್ಲಿ ಕೆಲವರು ಇದನ್ನು ಓದುತ್ತಿರಬಹುದು. ನಿಮ್ಮ ಮುಂದೆ ಆಡಬೇಕಿದ್ದ ಆ ಮಾತನ್ನು ಇಂದು ಆಡುತ್ತಿದ್ದೇನೆ: ತಪ್ಪು ನನ್ನದು.

"ಸರ್, ಕಚೇರಿಯಲ್ಲಿ ಮೇಳದಂತೆ ಹತ್ತು ವರ್ಷ ಕಲಿಸುತ್ತಾ ಕೂರಲಾಗದು" ಎನ್ನುವಿರಿ. ಒಪ್ಪಿದೆ. ಆದರೆ ಮೂರು ಅಭ್ಯಾಸಗಳಿಗೆ ಖರ್ಚಿಲ್ಲ. ಸಭೆಯಲ್ಲಿ ಅತ್ಯಂತ ಕಿರಿಯರಿಗೆ ಮೊದಲು ಮಾತನಾಡಲು ಬಿಡಿ; ನೀವು ಮೊದಲು ಮಾತನಾಡಿದರೆ ಉಳಿದವರದು ಪ್ರತಿಧ್ವನಿ ಮಾತ್ರ. ಗದರುವ ಮುನ್ನ "ಏನಾಯಿತು?" ಎಂದು ಕೇಳಿ. ತಪ್ಪಿದಾಗ, ಎಲ್ಲಿ ನೋಯಿಸಿದಿರೋ ಅಲ್ಲಿಯೇ ಕ್ಷಮೆ ಕೇಳಿ. ವರ್ಷಗಟ್ಟಲೆ ಬಿಡದೆ ಮಾಡಿದರೆ ಇವೇ ಸ್ವಭಾವವಾಗುತ್ತವೆ.

ಆ ಪ್ರಮಾಣಪತ್ರವನ್ನು ಹರಿದು ಹಾಕು ಎಂದು ನನ್ನ ವಿದ್ಯಾರ್ಥಿಗೆ ಹೇಳಲಾರೆ. ಗೋಡೆಯ ಮೇಲಿರಲಿ. ಆದರೆ ಅದರ ಕೆಳಗೆ ಸಹಿ ಹಾಕಬೇಕಾದವರು ನಿನ್ನ ಕೈಕೆಳಗಿನ ನಲವತ್ತು ಮಂದಿ, ಮಗೂ. ನನ್ನದಕ್ಕೆ ಒಂದು ಸಹಿ ಇಂದಿಗೂ ಬಾಕಿ ಇದೆ.