ಇಂಜಿನ್ನಿನ ಜ್ವಾಲೆ ಮತ್ತು ನಮ್ಮ ವಿಜ್ಞಾನ ಪಾಠ

ದಹನಕ್ರಿಯೆಯ ಪಾಠವು ಆಮ್ಲಜನಕದ ಹೆಸರು ಹೇಳುವಲ್ಲಿಗೇ ಮುಗಿಯುವುದು ಸಾಲದೆಂಬುದು ನನ್ನ ಅಭಿಮತ. ಪೆಟ್ರೋಲ್ ಇಂಜಿನ್ನಿನಲ್ಲಿ ಕಿಡಿಯಿಂದ ಹೊರಟ ಜ್ವಾಲೆಯು ತಲುಪುವ ಮೊದಲೇ ಅಂಚಿನ ಮಿಶ್ರಣವು ಒತ್ತಡ, ಉಷ್ಣಗಳಿಂದ ತಾನಾಗಿ ಹೊತ್ತಿಕೊಂಡರೆ ಬಡಿತದ ಸದ್ದು ಏಳುತ್ತದೆ. ಇಂಗ್ಲೆಂಡಿನ ಹ್ಯಾರಿ ರಿಕಾರ್ಡೋ ದಹನಕೋಣೆಯ ಆಕಾರವನ್ನೇ ತಿದ್ದಿ ಜ್ವಾಲೆಯ ಹಾದಿಯನ್ನು ಮೊಟಕುಗೊಳಿಸಿದರು. ಅಮೆರಿಕದ ಥಾಮಸ್ ಮಿಡ್ಗ್ಲಿ 1921ರಲ್ಲಿ ಸೀಸದ ಸಂಯುಕ್ತವನ್ನು ಬೆರೆಸಿ ಸದ್ದಡಗಿಸಿದರು. ಅಗ್ಗದ ಉಪಾಯವಲ್ಲವೇ, ಊರೂರಿಗೂ ಹಬ್ಬಿತು! ಆ ಸೀಸವು ಹೊಗೆಯೊಡನೆ ಹೊರಬಂದು ಮಕ್ಕಳ ರಕ್ತವನ್ನು ಸೇರಿತು. ಭಾರತವು ಅಂತಹ ಪೆಟ್ರೋಲನ್ನು ಕೈಬಿಟ್ಟದ್ದು 2000ದಲ್ಲಿ.

ಇದನ್ನೆಲ್ಲ ತಿಳಿಸಲು ಕನ್ನಡ ಸಾಲದೆನ್ನುವ ಪಾಲಕರು ಈಗಷ್ಟೇ ಓದಿದ ಸಾಲುಗಳನ್ನು ಮತ್ತೊಮ್ಮೆ ನೋಡಬೇಕು. ಮೋಟಾರು ದುರಸ್ತಿ ಬಲ್ಲ ಹಳೆಯ ವಿದ್ಯಾರ್ಥಿಗಳು ಹಳೆಯ ಸಿಲಿಂಡರ್ ಹೆಡ್ಡೊಂದನ್ನು ಶಾಲೆಗೆ ತಂದು, ಎಂಟನೆಯ ತರಗತಿಯ ಮಕ್ಕಳಿಗೆ ಕನ್ನಡದಲ್ಲಿಯೇ ವಿವರಿಸಿಕೊಡಲೆಂದು ಕೋರುತ್ತೇನೆ. ಶನಿವಾರ ಅಪರಾಹ್ನವಾದರೆ ಅನುಕೂಲ.