ಟಾರ್ಪಿಡೊ ಗುರಿ: ಆಟ ಹಿಡಿಯಲಿಯೋ, ಹುಡುಗ ಹಿಡಿಯಲಿಯೋ?

ಸೊಲ್ಲಾಪುರದಿಂದ ಸಮುದ್ರ ಬಲು ದೂರ. ಆದರೂ ನಮ್ಮ ಕುಂಭಾರಿ, ಅಕ್ಕಲಕೋಟೆ ಕಡೆಯ ಹುಡುಗರು ರಜೆ ಬಂದರೆ ಕಂಪ್ಯೂಟರ್ ಮುಂದೆ ಕುಳಿತು ಜಲಾಂತರ್ಗಾಮಿ ನಡೆಸುತ್ತಾರೆ. 2005ರಲ್ಲಿ ಯೂಬಿಸಾಫ್ಟ್ ಕಂಪನಿ ತಂದ ‘ಸೈಲೆಂಟ್ ಹಂಟರ್ 3’ ಅಂಥ ಒಂದು ಆಟ. ಎರಡನೇ ಮಹಾಯುದ್ಧದ ಜರ್ಮನ್ ಜಲಾಂತರ್ಗಾಮಿಗೆ ಆಡುವವನೇ ಕಪ್ತಾನ. ಹೊರಡುವ ಮೊದಲು ಕಷ್ಟದ ಮಟ್ಟ ಆರಿಸಬೇಕು. ನಮ್ಮ ತಕರಾರು ಇರುವುದು ಅಲ್ಲೇ.

ಗುರಿಯ ಲೆಕ್ಕವನ್ನು ಆಟಕ್ಕೇ ಬಿಟ್ಟರೆ, ಪೆರಿಸ್ಕೋಪಿನಲ್ಲಿ ಹಡಗನ್ನು ಹಿಡಿದು, ತ್ರಿಕೋನದ ಗುರುತು ಹಸಿರಾದಾಗ ಗುಂಡಿ ಒತ್ತಿದರಾಯಿತು. ಗೈಡ್ ನೋಡಿ ಉತ್ತರ ಬರೆದ ಹಾಗೆ! ‘ಮ್ಯಾನುವಲ್ ಟಾರ್ಗೆಟಿಂಗ್’ ಆರಿಸಿದರೆ ಹಡಗಿನ ದೂರ, ವೇಗ, ಕೋನ ಎಲ್ಲವನ್ನೂ ನಾವೇ ಕಂಡುಹಿಡಿಯಬೇಕು. ಹೆಚ್ಚಿನವರು ಮೊದಲನೆಯದಕ್ಕೇ ಅಂಟಿಕೊಳ್ಳುತ್ತಾರೆ. ಕೆಲವರು "ಸರ್, ಹಂಡ್ರೆಡ್ ಪರ್ಸೆಂಟ್ ಹಾಕೇನ್ರಿ" ಎಂದು ಎಲ್ಲ ಚೌಕಕ್ಕೂ ಗುರುತು ಹಾಕುತ್ತಾರೆ. ಎರಡು ದಿನ ಒಂದೂ ಹಡಗು ಸಿಗದಿದ್ದರೆ ಆಟವನ್ನೇ ಬಿಡುತ್ತಾರೆ.

ನಾವು ಹೇಳುವುದು ಇಷ್ಟೇ. ಮ್ಯಾನುವಲ್ ಒಂದನ್ನು ಕಠಿಣ ಇಟ್ಟುಕೊಳ್ಳಿ, ಮಿಕ್ಕಿದ್ದೆಲ್ಲ ಸುಲಭವಿರಲಿ. ಸಿಡಿಯದ ಟಾರ್ಪಿಡೊಗಳ ಆಯ್ಕೆಯನ್ನಂತೂ ಮೊದಲಿಗೆ ತೆಗೆದುಬಿಡಿ. ಇಲ್ಲದಿದ್ದರೆ ತಪ್ಪಿದ್ದು ಲೆಕ್ಕವೋ ಟಾರ್ಪಿಡೊವೋ ಎಂದು ಹುಡುಗನಿಗೆ ಗೊತ್ತಾಗುವುದಾದರೂ ಹೇಗೆ?

"ಕನ್ನಡ ಮಾಧ್ಯಮದವರಿಗೆ ಇದೆಲ್ಲ ತಿಳಿಯೂದಿಲ್ರಿ" ಎನ್ನುವ ಪಾಲಕರಿದ್ದಾರೆ. ಯಾಕೆ ತಿಳಿಯುವುದಿಲ್ಲ? ರೈಲು ಕಂಬ ದಾಟುವ ಲೆಕ್ಕವನ್ನು ನಮ್ಮ ಮಕ್ಕಳು ಕನ್ನಡದಲ್ಲೇ ಮಾಡಿಲ್ಲವೇ? ಕಂಬದ ಬದಲು ಪೆರಿಸ್ಕೋಪಿನ ನಡುಗೆರೆ, ರೈಲಿನ ಬದಲು ಹಡಗು. ನಮ್ಮ ಜಲಾಂತರ್ಗಾಮಿ ನಿಂತಿರಬೇಕು, ಪೆರಿಸ್ಕೋಪ್ ಅಲುಗಬಾರದು. 120 ಮೀಟರ್ ಉದ್ದದ ಹಡಗು ಗೆರೆ ದಾಟಲು 30 ಸೆಕೆಂಡು ತೆಗೆದುಕೊಂಡರೆ ವೇಗ ಸೆಕೆಂಡಿಗೆ 4 ಮೀಟರ್, ಅಂದರೆ ಸುಮಾರು 8 ನಾಟ್.

ಇನ್ನು ಕೋನ. ಹಡಗು ನಮ್ಮ ಮೂತಿಯೆದುರು ಲಂಬವಾಗಿ ಹಾದುಹೋಗುವಂತೆ ನಿಂತುಕೊಳ್ಳಿ. ವಿದ್ಯುತ್ ಟಾರ್ಪಿಡೊದ ವೇಗ 30 ನಾಟ್. 8ನ್ನು 30ರಿಂದ ಭಾಗಿಸಿದರೆ 0.267; ಆ ಟ್ಯಾನ್ ಬೆಲೆಯ ಕೋನ ಸುಮಾರು 15 ಡಿಗ್ರಿ. ಹಡಗು ನೇರ ಎದುರಿಗೆ ಬರಲು 15 ಡಿಗ್ರಿ ಬಾಕಿ ಇರುವಾಗ ಟಾರ್ಪಿಡೊವನ್ನು ನೆಟ್ಟಗೆ ಬಿಡಬೇಕು. ಇಲ್ಲಿ ದೂರ ಎಷ್ಟೆಂದು ಕೇಳಲೇ ಇಲ್ಲ, ಗಮನಿಸಿದಿರಾ? ದೂರ ಇಮ್ಮಡಿಯಾದರೆ ತ್ರಿಕೋನ ದೊಡ್ಡದಾಗುತ್ತದೆ, ಕೋನ ಬದಲಾಗುವುದಿಲ್ಲ. ಬಾಲಭಾರತಿಯ ಹತ್ತನೇ ತರಗತಿ ಗಣಿತ ಭಾಗ 2ರಲ್ಲಿ ಸಮರೂಪತೆ, ತ್ರಿಕೋನಮಿತಿ ಎಂದು ನಾವು ಕಲಿಸುವುದು ಇದನ್ನೇ. ಹಲಗೆಯ ಮೇಲೆ ಆಕಳಿಸುವ ಪಾಠ ಇಲ್ಲಿ ಎಚ್ಚರವಾಗುತ್ತದೆ.

ಯುದ್ಧದ ಆಟ ಮಕ್ಕಳಿಗೇಕೆ ಎನ್ನುವವರ ಮಾತನ್ನು ನಾವು ತಳ್ಳಿಹಾಕುವುದಿಲ್ಲ. 1971ರ ಡಿಸೆಂಬರ್ 9ರಂದು ದೀವ್ ಹತ್ತಿರ ಪಾಕಿಸ್ತಾನದ ‘ಹಂಗೋರ್’ ಬಿಟ್ಟ ಟಾರ್ಪಿಡೊದಿಂದ ನಮ್ಮ ‘ಖುಕ್ರಿ’ ಮುಳುಗಿತು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗಿನೊಂದಿಗೇ ಹೋದರು. ಆಟಕ್ಕೆ ಕೂರುವ ಮಗುವಿಗೆ ಇದನ್ನೂ ಹೇಳಿ.

ಗೆರೆಯ ಲೆಕ್ಕ ಕೈಗೆ ಹತ್ತಿದ ಮೇಲೆ ಮತ್ತೊಂದು ಉಪಾಯ ಕೊಡಿ. ನಕ್ಷೆಯ ಮೇಲೆ 3 ನಿಮಿಷ 15 ಸೆಕೆಂಡಿನ ಅಂತರದಲ್ಲಿ ಹಡಗಿಗೆ ಎರಡು ಗುರುತು ಹಾಕಿ, ನಡುವಿನ ಮೀಟರನ್ನು 100ರಿಂದ ಭಾಗಿಸಿದರೆ ಬರುವುದು ನಾಟ್. ಯಾಕೆ ಹಾಗೆ? 1 ನಾಟ್ ಎಂದರೆ ಸೆಕೆಂಡಿಗೆ 0.514 ಮೀಟರ್. ಉಳಿದದ್ದನ್ನು ಮಕ್ಕಳೇ ಗುಣಿಸಿ ನೋಡಲಿ.