ಬೇಲಿಯೇ ಎದ್ದು ಹೊಲ ಮೇಯ್ದಾಗ

ಉದ್ಯಮವೊಂದು ಜನರ ನೀರನ್ನೂ ಆರೋಗ್ಯವನ್ನೂ ಕೆಡಿಸಿದಾಗ ಸರಕಾರಗಳು ಸಾಮಾನ್ಯವಾಗಿ ನಡುವೆ ನಿಂತ ಪಂಚರಂತೆ ವರ್ತಿಸುತ್ತವೆ. ತಪ್ಪು ಕಂಪೆನಿಯದು, ತೀರ್ಪು ನ್ಯಾಯಾಲಯದ್ದು, ತಮ್ಮದೇನಿದ್ದರೂ ಅನುಕಂಪ ಮಾತ್ರ ಎಂಬುದು ಅವುಗಳ ನಿಲುವು. ಕಾಸರಗೋಡಿನ ಎಂಡೋಸಲ್ಫಾನ್ ದುರಂತ ಈ ನಿಲುವಿನ ಪೊಳ್ಳುತನವನ್ನು ಬಯಲಿಗೆಳೆದಿದೆ.

ಕೇರಳ ಪ್ಲಾಂಟೇಷನ್ ಕಾರ್ಪೊರೇಷನ್ ತನ್ನ ಗೇರು ತೋಟಗಳ ಮೇಲೆ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಈ ವಿಷವನ್ನು ಸಿಂಪಡಿಸಿತು. ಗುಡ್ಡದ ನೆತ್ತಿಯಲ್ಲಿ ತೋಟ, ಕಣಿವೆಯಲ್ಲಿ ಮನೆ. ಸುರಿದ ವಿಷ ತೋಡು, ಸುರಂಗ, ಬಾವಿಗಳಿಗೆ ಇಳಿಯಿತು. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್, ಪತ್ರಕರ್ತ ಶ್ರೀ ಪಡ್ರೆ ಮೊದಲಿಗೇ ಎಚ್ಚರಿಸಿದ್ದರು. ದಕ್ಷಿಣ ಕನ್ನಡದಲ್ಲಿ ಕರ್ನಾಟಕ ಗೇರು ಅಭಿವೃದ್ಧಿ ನಿಗಮವೂ ಇದೇ ಹಾದಿ ಹಿಡಿಯಿತು. ಬೆಳ್ತಂಗಡಿಯ ಕೊಕ್ಕಡ ಅದರ ಫಲವನ್ನು ಉಂಡಿತು.

ಇಲ್ಲಿ ಸಿಂಪಡಿಸಿದ್ದು ರಾಜ್ಯಗಳ ನಿಗಮಗಳು. ಈ ವಿಷದ ತಯಾರಕರಲ್ಲಿ ಕೇಂದ್ರದ ಹಿಂದೂಸ್ತಾನ್ ಇನ್ಸೆಕ್ಟಿಸೈಡ್ಸ್ ಕೂಡ ಒಂದು. 1968ರ ಕೀಟನಾಶಕ ಕಾಯಿದೆಯಡಿ ನಿಗಾ ಇಡಬೇಕಾದದ್ದೂ ಸರಕಾರವೇ. ಹೀಗಿರುವಾಗ ಹೊಣೆಯನ್ನು ಇನ್ನಾರ ತಲೆಗೆ ಕಟ್ಟುವುದು?

2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ಎಂಡೋಸಲ್ಫಾನಿನ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. ಮರುತಿಂಗಳೇ ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿ ಉದ್ಯಮ ಮತ್ತು ಮಾನವ ಹಕ್ಕುಗಳ ಮಾರ್ಗದರ್ಶಿ ಸೂತ್ರಗಳನ್ನು ಅನುಮೋದಿಸಿತು. ಉದ್ಯಮಗಳ ಹಾನಿಯಿಂದ ಜನರನ್ನು ಕಾಯುವುದು ಪ್ರಭುತ್ವದ ಕರ್ತವ್ಯ. ಉದ್ಯಮ ಪ್ರಭುತ್ವದ್ದೇ ಆಗಿದ್ದರೆ ಎಚ್ಚರ ಇನ್ನೂ ಹೆಚ್ಚಿರಬೇಕು. ನೊಂದವರಿಗೆ ಪರಿಹಾರದ ದಾರಿ ತೆರೆದಿರಬೇಕು ಎಂಬುದು ಅವುಗಳ ಸಾರ.

ಆ ದಾರಿ ಎಷ್ಟು ತೆರೆದಿತ್ತು? ಪ್ರತಿಯೊಬ್ಬ ಸಂತ್ರಸ್ತರಿಗೂ ಮೂರು ತಿಂಗಳೊಳಗೆ 5 ಲಕ್ಷ ರೂಪಾಯಿ ನೀಡಬೇಕೆಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳಕ್ಕೆ ಆದೇಶಿಸಿತು. ಐದು ವರ್ಷಗಳ ಬಳಿಕ, 2022ರ ಮೇ ತಿಂಗಳಲ್ಲಿ, 3,704 ಮಂದಿಯಲ್ಲಿ ಹಣ ಕಂಡವರು ಎಂಟೇ ಮಂದಿ, ಅದೂ ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದವರು! ಹಾಸಿಗೆ ಬಿಟ್ಟೇಳಲಾಗದ ಮಕ್ಕಳ ತಾಯಂದಿರು ದೆಹಲಿಯ ಮೆಟ್ಟಿಲು ಹತ್ತಿದರೆ ಮಾತ್ರ ನ್ಯಾಯವೆಂದಾದರೆ ಅದು ನ್ಯಾಯವಲ್ಲ.

ಪರಿಹಾರವೆಂದರೆ ಒಮ್ಮೆ ಕೊಟ್ಟು ಕೈತೊಳೆದುಕೊಳ್ಳುವ ಹಣವೂ ಅಲ್ಲ. ತಂದೆತಾಯಿಯರು ಮುಪ್ಪಾಗುತ್ತಿದ್ದಾರೆ, ಅವರ ಬಳಿಕವೂ ಈ ಮಕ್ಕಳಿಗೆ ಆರೈಕೆ, ಔಷಧ, ಆಸರೆ ಬೇಕು. ಗುಡ್ಡದ ತೋಟಕ್ಕೆ ಯಾವ ವಿಷ, ಯಾವಾಗ, ಯಾರ ಅನುಮತಿಯಿಂದ ಎಂದು ಮುಂಚಿತವಾಗಿ ತಿಳಿಯುವುದು ಕೆಳಗಿನ ಮನೆಗಳ ಹಕ್ಕು. 2005ರ ಮಾಹಿತಿ ಹಕ್ಕು ಕಾಯಿದೆ ಹಳ್ಳಿಗರ ಕೈಯಲ್ಲಿದೆ, ಅರ್ಜಿ ಬರೆಯಬಲ್ಲ ವಿದ್ಯಾರ್ಥಿಗಳು ಊರೂರಲ್ಲಿದ್ದಾರೆ. ಬೇಲಿಯನ್ನು ಕಾಯುವ ಕೆಲಸ ಅಲ್ಲಿಂದಲೇ ಆರಂಭವಾಗಲಿ.